ಬೂಮ್ ಎತ್ತುವ ಮೊದಲು

ತರಬೇತಿ ಕೊಡಲು ಶುರು ಮಾಡಿದ ಮೊದಲ ವರ್ಷ, 2011ರಲ್ಲಿ, 39 ಜನರ ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಅವರಲ್ಲಿ ಒಬ್ಬ ಹುಡುಗನ ಬಲಗೈಯಲ್ಲಿ ಇವತ್ತು ಎರಡು ಬೆರಳಿಲ್ಲ. ನನ್ನ ಸಹಿ ಬಿದ್ದು ಐದು ತಿಂಗಳೂ ಆಗಿರಲಿಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗಲೇ ಯಾಕೆ ಹೇಳಿದೆ ಅಂದರೆ, ಮುಂದೆ ಬರೆದಿರುವುದನ್ನು ಎಲ್ಲ ಗೊತ್ತಿದ್ದವನ ಮಾತು ಅಂತ ಯಾರೂ ಓದಬಾರದು. ಇವೆಲ್ಲ ನನಗೆ ತಡವಾಗಿ ಗೊತ್ತಾದವು. ಕೆಲವಂತೂ ನನ್ನಿಂದ ಬೇರೆಯವರಿಗೆ ನೋವಾದ ಮೇಲೆ ಗೊತ್ತಾದವು.

1993ರಲ್ಲಿ ಹುಬ್ಬಳ್ಳಿಯ ಒಂದು ಟ್ರಕ್ ಕ್ರೇನಿಗೆ ಹೆಲ್ಪರ್ ಆಗಿ ಸೇರಿದೆ. ಈ ಕ್ರೇನ್ ರಸ್ತೆಯಲ್ಲಿ ಲಾರಿಯ ಹಾಗೆ ಓಡುತ್ತದೆ. ಸೈಟಿಗೆ ಹೋಗಿ, ಪಕ್ಕಕ್ಕೆ ನಾಲ್ಕು ಔಟ್‌ರಿಗ್ಗರ್ ತೋಳು ಚಾಚಿ, ಜಾಕ್ ಇಳಿಸಿ, ಟೈರುಗಳನ್ನು ನೆಲದಿಂದ ಎಬ್ಬಿಸಿ ನಿಂತ ಮೇಲಷ್ಟೇ ಅದು ಕ್ರೇನ್. ನಾಲ್ಕು ವರ್ಷ ಗ್ರೀಸ್ ಹಚ್ಚಿದೆ, ಎತ್ತುವ ಭಾರಕ್ಕೆ ಸ್ಲಿಂಗ್ ಹಗ್ಗ ಕಟ್ಟಿದೆ. ಆಮೇಲೆ ಲಿವರ್ ಕೈಗೆ ಬಂತು. ನಮ್ಮ ಉಸ್ತಾದ್ ಒಳ್ಳೆಯವರು, ಆದರೆ ನೋಡಿ ಕಲಿ, ಕೇಳಬೇಡ ಅನ್ನುವ ಕಾಲದವರು. ನಾನೂ ಕೇಳಲಿಲ್ಲ.

1. ನೆಲವನ್ನು ಆ ನೆಲದವರಿಂದಲೇ ಕೇಳಿ ತಿಳಿಯಬೇಕು

ಗದಗದ ಕಡೆಯ ಒಂದು ಹಳ್ಳಿ. ಹಿಟ್ಟಿನ ಗಿರಣಿಯ ಯಂತ್ರವನ್ನು ಲಾರಿಯಿಂದ ಇಳಿಸಬೇಕಿತ್ತು. ಎರೆ ನೆಲ, ಮಳೆ ಬಂದು ಹತ್ತು ದಿನವಾಗಿತ್ತು, ಮೇಲೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಬೂಟಿನ ಹಿಮ್ಮಡಿಯಲ್ಲಿ ನಾಲ್ಕು ಸಲ ಕುಟ್ಟಿ ನೋಡಿ ಗಟ್ಟಿಯಿದೆ ಅಂದುಕೊಂಡೆ. ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ, "ತಮ್ಮಾ, ಅಲ್ಲಿ ಬ್ಯಾಡ, ಆ ಕಡೆ ಹಳೇ ಹಗೇವು ಐತಿ" ಅಂದ. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ನಮ್ಮ ಕಡೆ ಎಷ್ಟೋ ಹಳ್ಳಿಗಳಲ್ಲಿ ಅವನ್ನು ಬಳಸುವುದು ಬಿಟ್ಟು, ಬಾಯಿಗೆ ಕಲ್ಲು ಹಾಕಿ ಮಣ್ಣು ಮುಚ್ಚಿದ್ದಾರೆ. ಮೇಲೆ ನಿಂತವನಿಗೆ ಏನೂ ಗೊತ್ತಾಗುವುದಿಲ್ಲ. "ಏನೂ ಆಗಂಗಿಲ್ಲ ಬಿಡ್ರಿ ಅಜ್ಜಾ, ಹಲಗಿ ಹಾಕೀನಿ" ಅಂದೆ.

ಯಂತ್ರ ಲಾರಿಯಿಂದ ಎದ್ದು, ಬೂಮ್, ಅಂದರೆ ಕ್ರೇನಿನ ಉದ್ದನೆಯ ತೋಳು, ಪಕ್ಕಕ್ಕೆ ತಿರುಗುತ್ತಿದ್ದಾಗ ಹಿಂದಿನ ಎಡ ಜಾಕ್ ಒಂದೂವರೆ ಅಡಿ ಕುಸಿಯಿತು. ಕ್ಯಾಬಿನ್ನಿನಲ್ಲಿ ಕೂತವನಿಗೆ ಅದು ಮೊದಲು ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆಗೆ ಗೊತ್ತಾಗುತ್ತದೆ. ಲೋಡ್ ನೆಲದಿಂದ ಎರಡೇ ಅಡಿ ಮೇಲಿದ್ದದ್ದು ನಮ್ಮ ಪುಣ್ಯ. ಕೆಳಗೆ ಬಿಟ್ಟೆ, ಕ್ರೇನ್ ನಿಂತಿತು. ಆ ಅಜ್ಜ ಎದ್ದು ಬಂದು ಒಂದು ಮಾತೂ ಆಡದೆ ಕುಸಿದ ಗುಂಡಿಯನ್ನು ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಲೆಕ್ಕ ಕಲಿತದ್ದು ಆಮೇಲೆ. ಬೂಮ್ ಯಾವ ಮೂಲೆಯ ಮೇಲೆ ಬರುತ್ತದೋ ಆ ಜಾಕಿನ ಮೇಲೆ ಭಾರವೆಲ್ಲ ವಾಲುತ್ತದೆ. ಒಂದು ಜಾಕಿನ ಮೇಲೆ 12 ಟನ್ ಬಿತ್ತು ಅನ್ನಿ. ಅದರ ಪಾದ 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಇದ್ದರೆ ಒಂದೊಂದು ಚದರ ಸೆಂಟಿಮೀಟರಿಗೆ ಏಳೂವರೆ ಕಿಲೋ. ಅದೇ ಪಾದದ ಕೆಳಗೆ ರೈಲ್ವೆ ಸ್ಲೀಪರುಗಳನ್ನು ಜೋಡಿಸಿ ಒಂದು ಮೀಟರ್ ಚೌಕದ ಗಟ್ಟಿ ಹಾಸು ಮಾಡಿದರೆ 1.2 ಕಿಲೋ. ನಾನು ಹಾಕಿದ್ದು ಸೆಂಟ್ರಿಂಗ್ ಹಲಗೆ, ಭಾರಕ್ಕೆ ಬಗ್ಗುವಂಥದ್ದು. ಬಗ್ಗುವ ಹಲಗೆ ಎಷ್ಟು ಅಗಲವಿದ್ದರೂ ಭಾರವನ್ನು ಹಂಚುವುದಿಲ್ಲ.

ಈಗ ನನ್ನ ತರಬೇತಿಯ ಮೊದಲ ಅಭ್ಯಾಸ ಕ್ರೇನಿನ ಹತ್ತಿರ ನಡೆಯುವುದಿಲ್ಲ. ಪ್ರತಿಯೊಬ್ಬನೂ ಆ ಜಾಗದ ಸುತ್ತ ಇರುವ ಇಬ್ಬರನ್ನಾದರೂ ಮಾತಾಡಿಸಿ ಬರಬೇಕು. ಇಲ್ಲಿ ಮೊದಲು ಏನಿತ್ತು, ಬಾವಿ ಮುಚ್ಚಿದ್ದೀರಾ, ಶೌಚದ ಗುಂಡಿ ಎಲ್ಲಿ, ಪೈಪ್ ಹಾಕಲು ಅಗೆದದ್ದು ಯಾವಾಗ. ವಾಚ್‌ಮನ್, ಚಹಾದ ಅಂಗಡಿಯವರು, ಮನೆಯ ಅಜ್ಜಿ, ಯಾರಾದರೂ ಸರಿ.

2. ಕ್ರೇನಿನ ಮೈಮೇಲೆ ಬರೆದ ಟನ್ನನ್ನು ನಂಬಬಾರದು

ನಾನು ಓಡಿಸುತ್ತಿದ್ದ ಕ್ರೇನಿನ ಬೂಮಿನ ಮೇಲೆ ಒಂದಡಿ ಎತ್ತರದ ಅಕ್ಷರದಲ್ಲಿ 20 ಟನ್ ಅಂತ ಬರೆದಿತ್ತು. ಎಷ್ಟೋ ವರ್ಷ ನಾನದನ್ನು ಹಾಗೆಯೇ ಓದಿಕೊಂಡೆ. ಇಪ್ಪತ್ತು ಟನ್ನಿನ ಕ್ರೇನಿಗೆ ಆರು ಟನ್ ಯಾವ ಲೆಕ್ಕ? ಆ ಇಪ್ಪತ್ತು ಟನ್ ಬೂಮ್ ಪೂರ್ತಿ ಒಳಗಿದ್ದು, ತಿರುಗುವ ನಡುಬಿಂದುವಿನಿಂದ ಹುಕ್ಕಿನವರೆಗೆ ಅಡ್ಡಲಾಗಿ ಮೂರು ಮೀಟರ್ ದೂರ ಇದ್ದಾಗಿನ ಮಾತು. ಹತ್ತು ಮೀಟರ್ ದೂರಕ್ಕೆ ಅದು ಎತ್ತಬಹುದಾದದ್ದು ಐದು ಟನ್ನಿನ ಆಸುಪಾಸು. ಇದು ಕ್ಯಾಬಿನ್ನಿನ ಬಾಗಿಲಿಗೆ ಅಂಟಿಸಿದ್ದ ಲೋಡ್ ಚಾರ್ಟಿನಲ್ಲೇ ಇತ್ತು. ಅದರ ಮೇಲೆ ನಾನು ದೇವರ ಫೋಟೋ ಅಂಟಿಸಿದ್ದೆ.

ತರಗತಿಯಲ್ಲಿ ಈಗ ನೀರು ತುಂಬಿದ ಒಂದು ಕೊಡ ತರಿಸುತ್ತೇನೆ. ಮೊದಲು ಸೊಂಟದ ಮೇಲೆ ಇಟ್ಟುಕೊಳ್ಳಿ ಅನ್ನುತ್ತೇನೆ, ಎಲ್ಲರೂ ಇಟ್ಟುಕೊಳ್ಳುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ಅಂದರೆ ಗಟ್ಟಿಮುಟ್ಟಾದ ಹುಡುಗರ ತೋಳೂ ನಡುಗುತ್ತದೆ. ಕೊಡ ಅದೇ, ನೀರೂ ಅಷ್ಟೇ, ದೂರ ಮಾತ್ರ ಬೇರೆ. ರೇಡಿಯಸ್ ಅನ್ನುವ ಶಬ್ದವನ್ನು ನಾನು ಬೋರ್ಡಿನ ಮೇಲೆ ಬರೆಯುವುದು ಅದಾದ ಮೇಲೆ.

ಚಾರ್ಟ್ ಓದುವವರೂ ಮೂರು ಕಡೆ ತಪ್ಪುತ್ತಾರೆ. ಮೂರರಲ್ಲೂ ನಾನು ತಪ್ಪಿದ್ದೇನೆ. ಚಾರ್ಟಿನ ಅಂಕಿಯಲ್ಲಿ ಹುಕ್ ಬ್ಲಾಕ್, ಸ್ಲಿಂಗ್, ಶ್ಯಾಕಲ್ ಎಲ್ಲದರ ತೂಕವೂ ಸೇರಿರುತ್ತದೆ, ಅದನ್ನು ಕಳೆದು ಉಳಿದದ್ದು ಮಾತ್ರ ನಮ್ಮದು. ಭಾರ ಬಿದ್ದ ಕೂಡಲೇ ಬೂಮ್ ಬಾಗುತ್ತದೆ, ಹುಕ್ ಹೊರಗೆ ಸರಿಯುತ್ತದೆ. ನೆಲದ ಮೇಲಿದ್ದಾಗ ಎಂಟು ಮೀಟರ್ ಇದ್ದದ್ದು ಎದ್ದ ಮೇಲೆ ಎಂಟಾಗಿ ಉಳಿಯುವುದಿಲ್ಲ. ಮೂರನೆಯದು ಟ್ರಕ್ ಕ್ರೇನಿನದೇ ಗುಣ: ಹಿಂದುಗಡೆ ಎತ್ತಿದ್ದನ್ನೆಲ್ಲ ಡ್ರೈವರ್ ಕ್ಯಾಬಿನ್ನಿನ ಕಡೆಗೆ ತಿರುಗಿಸಲು ಆಗುವುದಿಲ್ಲ. ಮುಂಭಾಗಕ್ಕೆ ಐದನೆಯ ಜಾಕ್ ಇಲ್ಲದ ಎಷ್ಟೋ ಕ್ರೇನುಗಳ ಚಾರ್ಟ್ ಆ ಕಡೆ ಲೋಡ್ ಎತ್ತುವುದನ್ನೇ ಬೇಡ ಅನ್ನುತ್ತದೆ.

3. "ಐದು ಟನ್ ಐತ್ರಿ" ಅಂದವರು ಸುಳ್ಳು ಹೇಳುತ್ತಿರುವುದಿಲ್ಲ

ಅವರು ಅಂದಾಜು ಹೇಳುತ್ತಿರುತ್ತಾರೆ. ಇಳಕಲ್ ಕಡೆಯ ಕ್ವಾರಿಯಲ್ಲಿ ಕೆಂಪು ಗ್ರಾನೈಟಿನ ಒಂದು ದಿಮ್ಮಿ ಎತ್ತಲು ಕರೆದಿದ್ದರು. ಐದು ಟನ್ ಅಂದರು, ಐದಕ್ಕೆ ತಕ್ಕ ಹಾಗೆ ನಿಂತೆ. ಎತ್ತುವಾಗ ಎದುರಿನ ಜಾಕುಗಳು ಹಗುರಾಗಿ ನೆಲ ಬಿಡತೊಡಗಿದವು. ಇಳಿಸಿ, ಟೇಪ್ ತರಿಸಿ ಅಳೆದೆ: 2.4 ಮೀಟರ್ ಉದ್ದ, 1.2 ಅಗಲ, 1 ಮೀಟರ್ ಎತ್ತರ. ಗುಣಿಸಿದರೆ 2.88 ಘನ ಮೀಟರ್. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್. ಅಲ್ಲಿಗೆ ಎಂಟು ಟನ್ನಿಗೆ ಹತ್ತಿರ. ಅಳೆದು ಗುಣಿಸಲು ಎರಡು ನಿಮಿಷ ಸಾಕಾಯಿತು. ಆ ಎರಡು ನಿಮಿಷವನ್ನು ನಾನು ಎತ್ತುವ ಮೊದಲೇ ಕೊಡಬೇಕಿತ್ತು.

ನಾಲ್ಕು ಅಂಕಿ ಬಾಯಿಪಾಠ ಮಾಡಿಸುತ್ತೇನೆ. ಒಂದು ಘನ ಮೀಟರ್ ನೀರು 1 ಟನ್, ಕಾಂಕ್ರೀಟ್ 2.5, ಕಲ್ಲು 2.7, ಉಕ್ಕು 7.85. ಟ್ರಾನ್ಸ್‌ಫಾರ್ಮರಿನಂಥದ್ದಾದರೆ ಪ್ಲೇಟಿನ ಮೇಲೆ ಎಣ್ಣೆ ಸೇರಿಸಿದ ತೂಕ ಬೇರೆ, ಎಣ್ಣೆ ಬಿಟ್ಟದ್ದು ಬೇರೆ ಬರೆದಿರುತ್ತದೆ, ಎರಡನ್ನೂ ನೋಡಬೇಕು. ನೆಲದಲ್ಲಿ ಹೂತದ್ದನ್ನು, ಕೆಸರು ಹಿಡಿದದ್ದನ್ನು, ಬೋಲ್ಟ್ ಪೂರ್ತಿ ಬಿಚ್ಚಿದೆ ಅಂತ ಖಾತ್ರಿಯಿಲ್ಲದ್ದನ್ನು ಕ್ರೇನಿನಿಂದ ಕಿತ್ತು ತೆಗೆಯಬಾರದು. ಅದರ ತೂಕ ಎಷ್ಟೇ ಇರಲಿ, ಹಿಡಿತ ಎಷ್ಟು ಅಂತ ಯಾವ ಚಾರ್ಟೂ ಹೇಳುವುದಿಲ್ಲ.

4. ಕೂಗುವ ಅಲಾರಾಮ್ ಬಂದ್ ಮಾಡಿದ್ದು ನಾನೇ

ಹುಕ್ ಬ್ಲಾಕ್ ಬೂಮಿನ ತುದಿಗೆ ಬಡಿಯದಂತೆ ತಡೆಯಲು ತುದಿಯಲ್ಲಿ ಒಂದು ಲಿಮಿಟ್ ಸ್ವಿಚ್ ಇರುತ್ತದೆ, ಅದಕ್ಕೆ ತೂಗುಬಿಟ್ಟ ಸಣ್ಣ ಭಾರ. ಹುಕ್ ಮೇಲೆ ಬಂದು ಆ ಭಾರವನ್ನು ಎತ್ತಿದರೆ ಅಲಾರಾಮ್ ಕೂಗಿ ಯಂತ್ರ ನಿಲ್ಲುತ್ತದೆ. ನಮ್ಮದರಲ್ಲಿ ಅದು ಮಳೆಗಾಲದಲ್ಲಿ ಸುಮ್ಮಸುಮ್ಮನೆ ಕೂಗುತ್ತಿತ್ತು. ರಿಪೇರಿ ಮಾಡಿಸಿ ಅಂತ ಮಾಲೀಕರಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲು ಬೇಜಾರಾಗಿ, ಸ್ವಿಚ್ಚನ್ನು ಬೈಂಡಿಂಗ್ ವೈರಿನಿಂದ ಎಳೆದು ಕಟ್ಟಿದೆ. ಕೂಗು ನಿಂತಿತು. ಎರಡು ವರ್ಷ ಹಾಗೆಯೇ ಓಡಿಸಿದೆ.

ಒಂದು ಸಂಜೆ ಬೂಮ್ ಉದ್ದ ಮಾಡುತ್ತಿದ್ದೆ. ಬೂಮ್ ಮುಂದೆ ಹೋದಷ್ಟೂ ಹಗ್ಗ ಬಿಡುತ್ತ ಹೋಗಬೇಕು, ಇಲ್ಲದಿದ್ದರೆ ಹುಕ್ ತಾನಾಗಿ ಮೇಲೇರುತ್ತದೆ. ನನ್ನ ಕಣ್ಣು ಕೆಳಗಿನ ಲಾರಿಯ ಮೇಲಿತ್ತು. ಹುಕ್ ಹೋಗಿ ತುದಿಗೆ ಬಡಿಯಿತು, ವೈರ್ ರೋಪ್ ಹರಿಯಿತು, ಇಷ್ಟು ದೊಡ್ಡ ಕಬ್ಬಿಣದ ಬ್ಲಾಕ್ ನೆಲಕ್ಕೆ ಬಿದ್ದು ಅರ್ಧ ಹೂತುಹೋಯಿತು. ಒಂದು ನಿಮಿಷದ ಹಿಂದೆ ನಮ್ಮ ಹೆಲ್ಪರ್ ಅದೇ ಜಾಗದಲ್ಲಿ ನಿಂತು ನನಗೆ ಚಹಾ ಬೇಕಾ ಅಂತ ಕೇಳಿದ್ದ. ಬೇಕು ಅಂದಿದ್ದೆ. ಅವನು ತರಲು ಹೋಗಿದ್ದ.

ತರಬೇತಿಯಲ್ಲಿ ಇದನ್ನು ಹೇಳುವಾಗ ಮೊದಲೆಲ್ಲ ಮಾಲೀಕರ ಭಾಗ ಹೇಳಿ, ವೈರ್ ಕಟ್ಟಿದ್ದು ಯಾರೋ ಅನ್ನುವ ಹಾಗೆ ದಾಟಿಸುತ್ತಿದ್ದೆ. ಈಗ ನಾನೇ ಕಟ್ಟಿದೆ ಅನ್ನುತ್ತೇನೆ. ಹಾಗಂದ ದಿನವೇ ತರಗತಿಯಲ್ಲಿ ಇಬ್ಬರು ಕೈಯೆತ್ತಿ, ನಮ್ಮ ಕ್ರೇನಿನ ಎಸ್‌ಎಲ್‌ಐ ಕೀ ಸದಾ ಬೈಪಾಸಿನಲ್ಲೇ ಇರುತ್ತದೆ ಅಂದರು. ಹೆಚ್ಚು ಭಾರವಾದರೆ ಎಚ್ಚರಿಸಿ ಯಂತ್ರ ನಿಲ್ಲಿಸುವ ಸಾಧನ ಅದು. ಅದುವರೆಗೆ ಒಬ್ಬರೂ ಒಪ್ಪಿಕೊಂಡಿರಲಿಲ್ಲ.

5. ಸ್ಲಿಂಗ್ ಮಲಗಿದಷ್ಟೂ ಎಳೆತ ಹೆಚ್ಚು

ಇದು ಚಿಕ್ಕ ಪಾಠ, ಆದರೆ ನನಗೆ ಹತ್ತು ವರ್ಷ ಗೊತ್ತಿರಲಿಲ್ಲ. ಎರಡು ಟನ್ನಿನ ವಸ್ತುವನ್ನು ಎರಡು ಕಾಲಿನ ಸ್ಲಿಂಗಿನಿಂದ ನೆಟ್ಟಗೆ ಎತ್ತಿದರೆ ಒಂದೊಂದಕ್ಕೆ ಒಂದು ಟನ್. ಸ್ಲಿಂಗ್ ನೆಲದ ಗೆರೆಗೆ 60 ಡಿಗ್ರಿ ಓರೆಯಾದರೆ 1.15 ಟನ್, 45ಕ್ಕೆ 1.41, 30 ಡಿಗ್ರಿಗೆ ಮಲಗಿದರೆ ಒಂದೊಂದು ಕಾಲಿಗೂ ಪೂರ್ತಿ ಎರಡೆರಡು ಟನ್. ಉದ್ದನೆಯ ಸ್ಲಿಂಗ್ ತರಲು ಗೋಡೌನಿಗೆ ಹೋಗಿ ಬರಬೇಕಲ್ಲ ಅಂತ ಗಿಡ್ಡ ಸ್ಲಿಂಗಿನಲ್ಲೇ ಮುಗಿಸಿದ ದಿನಗಳು ನನ್ನ ಲೆಕ್ಕಕ್ಕೂ ಸಿಗುವುದಿಲ್ಲ. ಇಬ್ಬರಿಗೆ ಹಗ್ಗದ ಎರಡು ತುದಿ ಕೊಟ್ಟು ನಡುವೆ ಬಕೆಟ್ ತೂಗುಹಾಕಿ, ದೂರ ದೂರ ಸರಿಯಿರಿ ಅಂದರೆ ಅವರ ಕೈಗೇ ಅರ್ಥವಾಗುತ್ತದೆ.

6. ಕರೆಂಟು ತಾಗಿದಾಗ ಇಳಿಯದೆ ಕೂತಿರುವುದು ಕಷ್ಟ, ಅದನ್ನೇ ಕಲಿಸಬೇಕು

ಹೊಸಪೇಟೆಯ ಹತ್ತಿರ, ಹೊತ್ತು ಮುಳುಗುವ ಸಮಯ. ಬೂಮ್ ಎತ್ತರಕ್ಕಿತ್ತು, ಪಕ್ಕದಲ್ಲಿ 11 ಕೆವಿ ಲೈನ್. ತಂತಿ ನನಗೆ ಕಾಣುತ್ತಿತ್ತು, ದೂರ ಇದೆ ಅಂದುಕೊಂಡಿದ್ದೆ. ಕೆಳಗಿನಿಂದ ಮೇಲೆ ನೋಡುವ ಕಣ್ಣಿಗೆ ತಂತಿಯ ದೂರ ಸರಿಯಾಗಿ ಸಿಗುವುದಿಲ್ಲ, ಹಿಂದೆ ಬರೀ ಆಕಾಶ ಇದ್ದರಂತೂ ಇಲ್ಲವೇ ಇಲ್ಲ. ಬೆಳಕು ಚಿಮ್ಮಿತು, ಸದ್ದಾಯಿತು, ಎಲ್ಲಿಂದಲೋ ರಬ್ಬರ್ ಸುಟ್ಟ ವಾಸನೆ ಬಂತು. ನಾನು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಿದ್ದೆ. ಉಸ್ತಾದ್ ಅಷ್ಟು ದೂರದಿಂದ ಕಿರುಚಿದರು: "ಇಳೀಬ್ಯಾಡಲೇ! ಅಲ್ಲೇ ಕುಂದರು!"

ಕೂತೆ. ಬೂಮ್ ತಿರುಗಿಸಿ ತಂತಿಯಿಂದ ಬಿಡಿಸಿದೆ. ಲೈನ್‌ಮನ್ ಬಂದು ಲೈನ್ ಬಂದ್ ಆಗಿದೆ ಅಂತ ಹೇಳುವವರೆಗೂ ಮುಕ್ಕಾಲು ಗಂಟೆ ಅದೇ ಸೀಟಿನಲ್ಲಿದ್ದೆ. ಇಡೀ ಕ್ರೇನ್ ಒಂದೇ ವೋಲ್ಟೇಜಿಗೆ ಏರಿದಾಗ ಅದರೊಳಗೆ ಕೂತವನ ಮೈಯಲ್ಲಿ ಕರೆಂಟು ಹರಿಯುವುದಿಲ್ಲ. ಒಂದು ಕೈ ಕ್ರೇನಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟ ಕ್ಷಣ ಹರಿಯುತ್ತದೆ. ಅವತ್ತು ನನಗಿದು ಗೊತ್ತಿರಲಿಲ್ಲ. ಉಸ್ತಾದರಿಗೆ ಗೊತ್ತಿತ್ತು. ಆದರೆ ಅಷ್ಟು ವರ್ಷ ಜೊತೆಗಿದ್ದೂ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕ್ರೇನನ್ನು ಹಿಡಿಯದೆ ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿಯಬೇಕು. ಆಮೇಲೆ ಕಾಲು ಜೋಡಿಸಿಯೇ ಕುಪ್ಪಳಿಸುತ್ತ ಹೋಗಬೇಕು. ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ನೆಲದಲ್ಲೇ ವೋಲ್ಟೇಜಿನ ವ್ಯತ್ಯಾಸ ಇರುತ್ತದೆ. ಲೈನ್ ಟ್ರಿಪ್ ಆಯಿತು ಅಂತ ಧೈರ್ಯ ಮಾಡಬಾರದು, ಮತ್ತೆ ತಾನಾಗಿ ಚಾರ್ಜ್ ಆಗಬಹುದು. ಇದನ್ನು ನಾನು ಬಾಯಲ್ಲಿ ಹೇಳಿ ಬಿಡುವುದಿಲ್ಲ. ಐವತ್ತು ವರ್ಷದ ಹಿರಿಯರನ್ನೂ ಬಯಲಿನಲ್ಲಿ ಕುಪ್ಪಳಿಸಲು ಹಚ್ಚುತ್ತೇನೆ. ಗಾಬರಿಯಾದಾಗ ತಲೆ ಮರೆಯುತ್ತದೆ, ಮಾಡಿ ನೋಡಿದ ಕಾಲು ನೆನಪಿಡುತ್ತದೆ.

ಅಮೆರಿಕದ ನಿಯಮದಲ್ಲಿ 50,000 ವೋಲ್ಟಿನವರೆಗಿನ ತಂತಿಗೆ ಕನಿಷ್ಠ 10 ಅಡಿ ದೂರ ಇರಬೇಕು. ನಾನು ಕ್ಲಾಸಿನಲ್ಲಿ ಅದಕ್ಕೂ ದೂರ ಇರಿ ಅನ್ನುತ್ತೇನೆ. ತಂತಿಯನ್ನು ಮಾತ್ರ ನೋಡುತ್ತ ನಿಲ್ಲಲು ಒಬ್ಬ ಬೇಕು, ಅವನಿಗೆ ಬೇರೆ ಯಾವ ಕೆಲಸವೂ ಇರಬಾರದು. ಎಲ್ಲಕ್ಕಿಂತ ಮೊದಲು ಆ ಊರಿನ ವಿದ್ಯುತ್ ಕಂಪನಿಯವರನ್ನು ಕೇಳಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಅರ್ಧ ದಿನ ಕಾಯಬೇಕಾಗಬಹುದು, ಕಾಯಬೇಕು.

7. "ಬಿಡು" ಅನ್ನುವ ಶಬ್ದಕ್ಕೆ ಎರಡು ಅರ್ಥ

ಸೈಟುಗಳಲ್ಲಿ ಎತ್ತುವುದಕ್ಕೆ ಹಾಬಿಸ್, ಇಳಿಸುವುದಕ್ಕೆ ಆರಿಯಾ ಅನ್ನುತ್ತಾರೆ. ಹಡಗಿನ ಖಲಾಸಿಗಳ ಮಾತು ಅವು, ಆರಿಯಾ ಅನ್ನುವುದು ಪೋರ್ಚುಗೀಸರಿಂದ ಬಂದದ್ದು. ಬಿಹಾರದ ಹುಡುಗ, ಒಡಿಶಾದ ಹುಡುಗ, ನಮ್ಮ ಕೊಪ್ಪಳದ ಹುಡುಗ, ಎಲ್ಲರಿಗೂ ಆ ಎರಡು ಶಬ್ದ ಗೊತ್ತು, ಹಾಗಾಗಿ ಅವು ಉಳಿದಿವೆ. ತೊಂದರೆ ಬರುವುದು ನಮ್ಮ ಕನ್ನಡದಲ್ಲೇ.

ಒಂದು ಪಂಪನ್ನು ತಳಪಾಯದ ಬೋಲ್ಟುಗಳ ಮೇಲೆ ಕೂರಿಸುತ್ತಿದ್ದೆವು. ಫಿಟ್ಟರ್ ಕೆಳಗೆ ಕೈ ಹಾಕಿ ಶಿಮ್ ಪ್ಲೇಟ್ ಸರಿಮಾಡುತ್ತಿದ್ದ. ಸೂಪರ್‌ವೈಸರ್ ಅವನ ಕಡೆ ತಿರುಗಿ, ಅದು ಹಾಗೇ ಇರಲಿ ಅನ್ನುವ ಅರ್ಥದಲ್ಲಿ, "ಬಿಡು, ಬಿಡು" ಅಂದ. ನನ್ನ ಕಿವಿಗೆ ಇಳಿಸು ಅಂತ ಕೇಳಿಸಿತು. ಇಳಿಸಿದೆ. ಫಿಟ್ಟರ್ ಕೈ ಎಳೆದುಕೊಂಡ, ಗ್ಲೌಸಿನ ತುದಿ ಒಳಗೆ ಉಳಿಯಿತು. ಆ ಗ್ಲೌಸನ್ನು ಅವನು ನನಗೇ ಕೊಟ್ಟ. ಅದು ನನ್ನ ತರಬೇತಿಯ ಚೀಲದಲ್ಲಿದೆ.

ಸನ್ನೆ ಮಾಡುವವನು ಒಬ್ಬನೇ ಇರಬೇಕು, ಅವನು ನನಗೆ ಕಾಣಬೇಕು, ಅವನು ಕಾಣದಾದರೆ ಕೆಲಸ ನಿಲ್ಲಬೇಕು. ಬಾಯಿಮಾತಿಗೆ ಲಿವರ್ ಮುಟ್ಟಬಾರದು. ನಿಲ್ಲಿಸು ಅನ್ನುವ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು, ಕಸ ಗುಡಿಸುವ ಅಕ್ಕ ಮಾಡಿದರೂ ನಿಲ್ಲಿಸಲೇಬೇಕು. ಯಾಕೆ ನಿಲ್ಲಿಸಿದಿರಿ ಅಂತ ಅವರನ್ನು ಗದರಬಾರದು. ಒಂದು ಸಲ ಗದರಿದರೆ ಎರಡನೆಯ ಸಲ ಅವರು ಕೈ ಎತ್ತುವುದಿಲ್ಲ.

8. ಹಗುರ ವಸ್ತುವಿಗೆ ಗಾಳಿಯ ಭಯ ಹೆಚ್ಚು

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಹೋರ್ಡಿಂಗ್ ಚೌಕಟ್ಟು, ತಗಡು ಹೊಡೆದದ್ದು. ತೂಕ ಆರುನೂರು ಕಿಲೋ ಇದ್ದೀತು. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ, ಮುಂಗಾರಿನಲ್ಲಿ ಅಲ್ಲಿನ ಗಾಳಿ ಅಂಥದ್ದು. ನಾನು ತೂಕ ನೋಡಿದೆ, ಗಾಳಿ ನೋಡಲಿಲ್ಲ. ಚೌಕಟ್ಟು ಹಾಯಿಯ ಹಾಗೆ ತುಂಬಿಕೊಂಡು ತಿರುಗಿತು. ಲೋಡ್ ತಿರುಗದಂತೆ ಹಿಡಿಯುವ ಟ್ಯಾಗ್ ಲೈನ್ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ ಹುಡುಗನನ್ನು ಇಪ್ಪತ್ತು ಹೆಜ್ಜೆ ಎಳೆದುಕೊಂಡು ಹೋಯಿತು. ಮೊಣಕೈ, ಮೊಣಕಾಲು ತರಚಿತು, ಅಷ್ಟಕ್ಕೇ ಮುಗಿಯಿತು. ಹಗ್ಗ ಸುತ್ತಿಕೋ, ಗಟ್ಟಿಯಾಗಿ ಹಿಡಿ ಅಂತ ಹೇಳಿದ್ದು ನಾನೇ.

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಅಮೆರಿಕದ ಮಿಲ್‌ವಾಕೀ ನಗರದಲ್ಲಿ 1999ರ ಜುಲೈ 14ರಂದು ಕ್ರೀಡಾಂಗಣದ ಚಾವಣಿಯ 450 ಟನ್ನಿಗೂ ಮೀರಿದ ತುಂಡನ್ನು ಎತ್ತುವಾಗ ಬಿಗ್ ಬ್ಲೂ ಅನ್ನುವ ಭಾರಿ ಕ್ರೇನ್ ಮುರಿದು ಮೂವರು ಕೆಲಸಗಾರರು ಸತ್ತರು. ಕ್ರೇನಿಗೆ ಬಡಿಯುವ ಗಾಳಿಯ ಲೆಕ್ಕವಿತ್ತು, ತೂಗುತ್ತಿದ್ದ ಚಾವಣಿಗೆ ಬಡಿಯುವ ಗಾಳಿಯ ಲೆಕ್ಕವಿರಲಿಲ್ಲ. ಅದರ ವಿಡಿಯೊ ತೋರಿಸುತ್ತೇನೆ. ನಮ್ಮ ಕ್ರೇನಿಗೂ ಅದಕ್ಕೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ಆದರೆ ನಾನು ಮರೆತದ್ದೂ ಅದೇ ಲೆಕ್ಕ.

9. ವರ್ಷದ ಕಾಗದ ಬೇರೆ, ಬೆಳಗಿನ ಕಣ್ಣು ಬೇರೆ

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಕಲಮಿನಂತೆ ಭಾರ ಎತ್ತುವ ಯಂತ್ರ, ಚೈನ್, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿ ಪರೀಕ್ಷಿಸಬೇಕಿತ್ತು. ಗೇಟಿನಲ್ಲಿ ಆ ಪರೀಕ್ಷೆಯ ಕಾಗದ ಕೇಳುತ್ತಾರೆ, ತೋರಿಸುತ್ತೇವೆ. ಆದರೆ ವೈರ್ ರೋಪಿನ ತಂತಿ ನಿನ್ನೆ ಸಂಜೆ ತುಂಡಾಗಿದ್ದರೆ ಕಾಗದಕ್ಕೆ ಗೊತ್ತಾಗುವುದಿಲ್ಲ. ಹತ್ತಿಯ ಬಟ್ಟೆಯನ್ನು ಹಗ್ಗದ ಮೇಲೆ ಎಳೆದರೆ ತುಂಡಾದ ಎಳೆ ಬಟ್ಟೆಗೆ ಸಿಕ್ಕುತ್ತದೆ, ಬರಿಗೈಯಲ್ಲಿ ಸವರಬಾರದು. 16 ಮಿಲಿಮೀಟರ್ ಹಗ್ಗ ಸವೆದು 14.4ಕ್ಕೆ ಬಂದರೆ ಇನ್ನು ಮಾತಿಲ್ಲ, ಬದಲಿಸಬೇಕು. ಕಂಪನಿಯ ಕೈಪಿಡಿ ಇನ್ನೂ ಬಿಗಿಯಾಗಿ ಹೇಳಿದ್ದರೆ ಅದೇ ಸರಿ.

10. ಚಾಳೀಸು ಮರೆತು ಬಂದವರು

ನನ್ನ ಮೊದಲ ತರಬೇತಿಗಳೆಲ್ಲ ಇಂಗ್ಲಿಷಿನ ಸ್ಲೈಡುಗಳು. ಎಲ್ಲಿಂದಲೋ ತಂದದ್ದು, ನನಗೇ ಅರ್ಧ ಅರ್ಥವಾಗದ್ದು. ಮೂರು ದಿನದ ಕೊನೆಗೆ ಪರೀಕ್ಷೆ, ಎಲ್ಲರೂ ಪಾಸು. ಒಂದು ತಂಡದಲ್ಲಿ ಇಪ್ಪತ್ತೈದು ವರ್ಷ ಕ್ರೇನ್ ಓಡಿಸಿದ ಕಾಕಾ ಒಬ್ಬರಿದ್ದರು. ಚಾರ್ಟ್ ಓದಿ ಅಂದರೆ, "ಚಾಳೀಸು ಮರತ ಬಂದೀನ್ರಿ ಸರ" ಅಂದರು. ಎರಡನೆಯ ದಿನವೂ ಮರೆತಿದ್ದರು. ಮೂರನೆಯ ದಿನ ನನ್ನ ಚಾಳೀಸು ತೆಗೆದು ಕೊಟ್ಟೆ, ಎಲ್ಲರ ಎದುರಿಗೆ. ಅವರು ಅದನ್ನು ಹಾಕಿಕೊಂಡು ಕಾಗದ ನೋಡುತ್ತ ಸುಮ್ಮನೆ ಕೂತರು. ಅವರಿಗೆ ಓದಲು ಬರುವುದಿಲ್ಲ ಅಂತ ನನಗೆ ಆಗ ಹೊಳೆಯಿತು. ಅಷ್ಟು ಜನರೆದುರು ಒಬ್ಬ ಹಿರಿಯರ ಮರ್ಯಾದೆ ತೆಗೆದಿದ್ದೆ.

ಸಂಜೆ ಹೋಗಿ ತಪ್ಪಾಯಿತು ಕಾಕಾ ಅಂದೆ. ಅವರು ಮಾತು ಬೇರೆ ಕಡೆ ತಿರುಗಿಸಿ ತಮ್ಮ ಕ್ರೇನಿನಿಂದ ಒಂದು ನೈಲಾನ್ ಹಗ್ಗ ತಂದು ತೋರಿಸಿದರು. ಮೀಟರಿಗೊಂದು ಗಂಟು. ಕ್ರೇನಿನ ನಡುವಿನಿಂದ ಲೋಡಿನವರೆಗೆ ಹಿಡಿದು ಗಂಟು ಎಣಿಸುತ್ತಾರೆ. ಇಷ್ಟು ಗಂಟಿಗೆ ಇಷ್ಟು ಟನ್ ಅಂತ ಮಗಳಿಂದ ಚಾರ್ಟ್ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದರು. ಚಾರ್ಟ್ ಓದಲು ಬರುವ ನಾನು ಇಷ್ಟು ವರ್ಷ ರೇಡಿಯಸ್ಸನ್ನು ಕಣ್ಣಳತೆಯಲ್ಲಿ ಹೇಳುತ್ತಿದ್ದೆ. ಈಗ ನನ್ನಲ್ಲಿ ತರಬೇತಿ ಮುಗಿಸಿದವರಿಗೆಲ್ಲ ಸರ್ಟಿಫಿಕೇಟಿನ ಜೊತೆ ಗಂಟು ಹಾಕಿದ ಹಗ್ಗ ಕೊಡುತ್ತೇನೆ. ಪರೀಕ್ಷೆ ಕನ್ನಡದಲ್ಲಿ, ಬಾಯಲ್ಲಿ, ಕ್ರೇನಿನ ಪಕ್ಕ ನಿಂತು, ಒಬ್ಬೊಬ್ಬರಿಗೇ.

11. ಬೇಡ ಅನ್ನುವುದಕ್ಕೂ ರೂಢಿ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ರಭಸದಿಂದ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಕ್ರೇನಿನಿಂದ ಒಂದೊಂದಾಗಿ ಇಳಿಸಿದರು. ನಾನು ಟೀವಿಯ ಮುಂದೆ ಕೂತು ಲಿವರ್ ಹಿಡಿದವರ ಬಗ್ಗೆಯೇ ಯೋಚಿಸುತ್ತಿದ್ದೆ. ಕೆಳಗಿನ ರೈತರು, ಮೇಲಿನ ಅಧಿಕಾರಿಗಳು, ಇಡೀ ರಾಜ್ಯ ನೋಡುತ್ತಿರುವಾಗ ತಡೆಯಿರಿ, ಇನ್ನೊಂದು ಸಲ ನೋಡೋಣ ಅನ್ನಲು ಎಷ್ಟು ಗಟ್ಟಿ ಮನಸ್ಸು ಬೇಕು!

ನನಗೆ ಒಬ್ಬ ಮಾಲೀಕರ ಮುಂದೆಯೇ ಆಗುತ್ತಿರಲಿಲ್ಲ. ಕ್ರೇನಿನ ಬಾಡಿಗೆ ಗಂಟೆಯ ಲೆಕ್ಕ, ಪಾರ್ಟಿಯವರು ಗಡಿಯಾರ ನೋಡುತ್ತಿರುತ್ತಾರೆ, ಮಾಲೀಕರು ಫೋನಿನಲ್ಲಿ, ಹಿಂದಿನ ವಾರ ಬೇರೆ ಆಪರೇಟರ್ ಇದನ್ನೇ ಎತ್ತಿದ್ದ ಅನ್ನುವ ಮಾತು. ಆಗ ಚಾರ್ಟ್ ಗೊತ್ತಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಈಗ ಅರ್ಧ ದಿನ ಇದೇ ಅಭ್ಯಾಸ. ನಾನು ಪಾರ್ಟಿಯಾಗಿ ಜೋರು ಮಾಡುತ್ತೇನೆ, ಅವರು ಬೇಡ ಅನ್ನಬೇಕು. ಮೊದಲು ಎಲ್ಲರೂ ನೆಲ ನೋಡುತ್ತಾರೆ. ಮಾತುಗಳನ್ನು ನಾವೇ ಕೂಡಿ ಹೊಂದಿಸಿಕೊಂಡಿದ್ದೇವೆ. "ಸಾಹೇಬ್ರ, ನಿಮ್ಮ ಮಾಲಿಗೆ ಪೆಟ್ಟಾಗಬಾರದ್ರಿ. ಈ ದೂರಕ್ಕ ಚಾರ್ಟಿನ್ಯಾಗ ಇಲ್ಲ. ಕ್ರೇನ್ ಹತ್ರ ತರಾಕ ಜಾಗಾ ಮಾಡಿಕೊಡ್ರಿ, ಇಲ್ಲಾ ದೊಡ್ಡ ಕ್ರೇನ್ ಹೇಳ್ರಿ." ಸಿಟ್ಟಿಲ್ಲ, ಸವಾಲಿಲ್ಲ, ದಾರಿಯೂ ಇದೆ. ಇದನ್ನು ಹೇಳಿ ಕೆಲಸ ಕಳೆದುಕೊಂಡವರೂ ಇದ್ದಾರೆ. ಅಂಥ ಇಬ್ಬರಿಗೆ ಬೇರೆ ಕಡೆ ಕೆಲಸ ಹುಡುಕಿಕೊಟ್ಟೆ, ಮೂರನೆಯವನಿಗೆ ನನ್ನಿಂದ ಆಗಲಿಲ್ಲ.

12. ಯಂತ್ರ ಕಲಿಸಿದೆ, ಹೆಲ್ಪರ್ ಬಾರದ ದಿನವನ್ನು ಕಲಿಸಲಿಲ್ಲ

ಶುರುವಿನಲ್ಲಿ ಹೇಳಿದ, ಎರಡು ಬೆರಳು ಕಳೆದುಕೊಂಡ ಆ ಹುಡುಗ ನನ್ನ ಮೊದಲ ವರ್ಷದ ತರಬೇತಿಯಲ್ಲಿ ಎಲ್ಲರಿಗಿಂತ ಚುರುಕು. ಚಾರ್ಟ್, ಸನ್ನೆ, ಸ್ಲಿಂಗಿನ ಕೋನ, ಏನು ಕೇಳಿದರೂ ಹೇಳುತ್ತಿದ್ದ. ಕೆಲಸಕ್ಕೆ ಸೇರಿದ ಕಡೆ ಒಂದು ದಿನ ಹೆಲ್ಪರ್ ಬರಲಿಲ್ಲ. ಲಾರಿ ಕಾಯುತ್ತಿತ್ತು. ಸ್ಲಿಂಗ್ ಕಟ್ಟಲು ಅವನೇ ಕೆಳಗಿಳಿದ. ಲಾರಿಯ ಕ್ಲೀನರ್ ಹುಡುಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ನಾನು ಹೇಳಿದಾಗ ಈ ಲಿವರನ್ನು ಇಷ್ಟೇ ಎಳಿ ಅಂದ. ಸ್ಲಿಂಗ್ ಜಾರದಂತೆ ಬಲಗೈಯಲ್ಲಿ ಹಿಡಿದಿದ್ದ. ಕ್ಲೀನರ್ ಹುಡುಗ ಎಳೆದದ್ದು ಸ್ವಲ್ಪವೇ.

ಆಸ್ಪತ್ರೆಗೆ ಹೋದೆ. ಅವನ ಅವ್ವ ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು, ನಿಮ್ಮಲ್ಲಿ ಕಲಿತಾನ್ರಿ ಅಂದರು. ಮೂರು ದಿನದ ತರಬೇತಿಯಲ್ಲಿ ಹೆಲ್ಪರ್ ಬಾರದಿದ್ದರೆ ಏನು ಮಾಡಬೇಕು ಅಂತ ನಾನು ಒಂದು ವಾಕ್ಯವನ್ನೂ ಹೇಳಿರಲಿಲ್ಲ. ಎಲ್ಲ ಸರಿಯಿರುವ ದಿನವನ್ನು ಮಾತ್ರ ಕಲಿಸಿದ್ದೆ. ಸೈಟಿನಲ್ಲಿ ಅಂಥ ದಿನ ವಾರಕ್ಕೊಂದು ಸಿಕ್ಕರೆ ಹೆಚ್ಚು.

ಕೆಲವು ವರ್ಷಗಳ ಮೇಲೆ, ತರಗತಿಗೆ ಬಂದು ಮಾತಾಡುತ್ತೀಯಾ ಅಂತ ಅವನನ್ನು ಕೇಳಿದೆ. ಬಂದ. ಐದು ನಿಮಿಷ ನಿಂತ, ಕೈ ತೋರಿಸಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡಿದ್ದ. "ಆ ಕ್ಲೀನರ್ ಹುಡುಗ ಇವತ್ತಿಗೂ ನನಗ ಫೋನ್ ಮಾಡಿ ಅಳತಾನ್ರಿ" ಅಂತ ಅಷ್ಟೇ ಹೇಳಿದ. ಹೊರಗೆ ಬಂದ ಮೇಲೆ, ಇನ್ನು ಕರೀಬ್ಯಾಡ್ರಿ ಸರ ಅಂದ. ಕರೆದಿಲ್ಲ.

ಈಗ ಹಾಜರಿ ಹಾಕಿದ ಕೂಡಲೇ ಕೇಳುವ ಮೊದಲ ಪ್ರಶ್ನೆ ಅದು: ಹೆಲ್ಪರ್ ಬಂದಿಲ್ಲ, ಲಾರಿ ನಿಂತಿದೆ, ಏನು ಮಾಡುತ್ತೀರಿ? ಮೊದಲ ದಿನ ಹತ್ತು ಥರದ ಉಪಾಯ ಹೇಳುತ್ತಾರೆ, ಎಲ್ಲವೂ ಕೆಲಸ ಮುಗಿಸುವ ಉಪಾಯಗಳೇ. ಕಳೆದ ತಿಂಗಳ ತಂಡದಲ್ಲಿ ಮೂರನೆಯ ದಿನ ಅದನ್ನೇ ಮತ್ತೆ ಕೇಳಿದಾಗ, ಹಿಂದಿನ ಸಾಲಿನಲ್ಲಿದ್ದ ಮುಂಡರಗಿಯ ಹುಡುಗ ಎದ್ದು ನಿಂತು, "ಬೂಮ್ ಇಳಿಸಿ, ಕೀ ಕಿಸೇದಾಗ ಹಾಕ್ಕೊಂಡು, ಲಾರಿ ಡ್ರೈವರ್ ಅಣ್ಣನ ಜೋಡಿ ಚಹಾ ಕುಡೀತೀನ್ರಿ" ಅಂದ.